ಅರ್ಧ ಮನೆಯ ಅಡುಗೆಮನೆ

ಇಂಗ್ಲೆಂಡಿನ ಡಾನ್‌ಕಾಸ್ಟರಿನ ಗ್ಲೆಂಡಾ ಪಿಕರ್ಸ್‌ಗಿಲ್ ಶಾಲೆಯಲ್ಲಿ ಮಕ್ಕಳ ಊಟ ಬೇಯಿಸುವವಳು. ಅವಳ ಫ್ಲ್ಯಾಟಿನಲ್ಲಿ ಅರ್ಧ ಪಾಲು ಅವಳದು, ಇನ್ನರ್ಧ ವಸತಿ ಸಂಸ್ಥೆಯದು. ಆ ಇನ್ನರ್ಧಕ್ಕೆ ಬಾಡಿಗೆ ಕಟ್ಟಬೇಕು. ಏಪ್ರಿಲ್ ಬಂದರೆ ಅದು ಏರದೆ ಇರುವುದಿಲ್ಲ. ಬೇಸಿಗೆ ರಜೆಗೆ ಅವಳ ಕೆಲಸ ಮುಗಿಯುತ್ತದೆ. ಆಮೇಲೆ ಪಿಂಚಣಿಯಲ್ಲಿ ಬಾಡಿಗೆ ಕಟ್ಟಿ ಹೊಟ್ಟೆ ತುಂಬಿಸಿಕೊಳ್ಳುವುದು ಆಗದ ಮಾತು. ಅಷ್ಟರೊಳಗೆ ಉಳಿದರ್ಧ ಕೊಂಡುಬಿಡಬೇಕು ಎಂದು ಹಣ ಕೂಡಿಟ್ಟಿದ್ದಳು. ಹೀಗೆ ಪಾಲು ಹೆಚ್ಚಿಸಿಕೊಳ್ಳುವುದಕ್ಕೆ ಅಲ್ಲಿ ‘ಮೆಟ್ಟಿಲು ಹತ್ತುವುದು’ ಎನ್ನುತ್ತಾರೆ. ಕರಾರಿನ ಪ್ರಕಾರ ಅವಳಿಗೆ ಉಳಿದದ್ದು ಒಂದೇ ಮೆಟ್ಟಿಲು: ಕೊಂಡರೆ ಪೂರ್ತಿ ಕೊಳ್ಳಬೇಕು.

“ನೆಲಮಹಡಿ ಮನೇಗೆ ಅದೆಂಥ ಮೆಟ್ಟಿಲೇ ತಾಯಿ!” ಎಂದು ಎದುರುಮನೆಯ ಲೋರ್ನಾ ನಗುತ್ತಿದ್ದಳು.

ಆ ಉಳಿದರ್ಧಕ್ಕೆ ಬೆಲೆ ಕಟ್ಟುವವನು ಬರುವ ಹಿಂದಿನ ದಿನ ಆಕೆಯೇ ಬಂದು ಬುದ್ಧಿ ಹೇಳಿದಳು. “ನೋಡು, ಗುಡಿಸಬೇಡ, ಒರೆಸಬೇಡ. ಮನೆ ಹಾಳು ಬಿದ್ದಹಾಗೆ ಕಂಡ್ರೆ ಬೆಲೆ ಇಳಿಯುತ್ತೆ. ಒದ್ದೆ ಬಟ್ಟೆ ಎಲ್ಲಾ ಕಡೆ ನೇತುಹಾಕು.”

ಗ್ಲೆಂಡಾ ತಲೆಯಾಡಿಸಿದಳು. ಲೋಟ ತೊಳೆಯಲಿಲ್ಲ, ಒಳಲಂಗವನ್ನೂ ಕುರ್ಚಿಗೆ ಹಾಕಿದಳು. ಬೆಳಿಗ್ಗೆ ಎದ್ದು ನೋಡಿದರೆ ಜೀವ ತಡೆಯಲಿಲ್ಲ. ಹೊರಗಿನ ಗಂಡಸು ಬರುವ ಮನೆ ಇದೇ? ಎಲ್ಲ ತೆಗೆದು, ತೊಳೆದು, ಹೊಸಿಲಿನವರೆಗೂ ಉಜ್ಜಿದಳು. ಬರುವವನಿಗೆ ಚಹಾದ ಜೊತೆ ಏನೂ ಇಲ್ಲದಿದ್ದರೆ ಹೇಗೆಂದು ಬನ್ನಿನಂಥ ಸ್ಕೋನ್ ಕೂಡ ಬೇಯಿಸಿದಳು.

ಬಂದವನು ಅಟ್‌ವಾಟರ್, ಸಾಧು ಮನುಷ್ಯ. ಅಳತೆ ಮುಗಿಸಿ ಎರಡನೆಯ ಸ್ಕೋನಿಗೆ ಬೆಣ್ಣೆ ಸವರಿದ.

“ಮನೆ ಹೀಗೆ ಒಪ್ಪವಾಗಿದೆ ಅಂತ ಬೆಲೆ ಜಾಸ್ತಿ ಮಾಡ್ಬೇಡಿ ಸಾರ್,” ಎಂದಳು.

“ಅಯ್ಯೋ, ಲೋಟ ತೊಳೆದಿದ್ರೂ ತೊಳೆಯದೇ ಇದ್ರೂ ನನಗೆ ಒಂದೇ ಕಣಮ್ಮ.” ಅವನ ಕಣ್ಣು ಅಡುಗೆಮನೆಯ ಕಪಾಟು, ಕಟ್ಟೆಗಳ ಮೇಲೆ ನಿಂತಿತು. “ಇದು ಹೊಸದು. ಸಂಸ್ಥೆಯವರು ಹಾಕಿಸಿದ್ದಾ?”

“ನಾನೇ! ನಮ್ಮ ಯಜಮಾನರು ಹೋದಮೇಲೆ ಬಂದ ದುಡ್ಡಲ್ಲಿ.” ಹೆಮ್ಮೆಯಿಂದ ಒಂದು ಡ್ರಾಯರ್ ಎಳೆದು ತೋರಿಸಿದಳು, ಅದು ಸದ್ದಿಲ್ಲದೆ ತಾನೇ ಮುಚ್ಚಿಕೊಂಡಿತು.

“ಹಾಕಿಸೋ ಮೊದಲು ಅವರ ಒಪ್ಪಿಗೆ ತಗೊಂಡ್ರಾ?”

“ನನ್ನ ಮನೆ ಅಡುಗೆಮನೆಗೆ ಯಾರ ಒಪ್ಪಿಗೆ ಕೇಳ್ಲಿ?”

ಅಟ್‌ವಾಟರ್ ಕೈಯಲ್ಲಿದ್ದುದನ್ನು ತಟ್ಟೆಗಿಟ್ಟ. “ಒಪ್ಪಿಗೆ ಇದ್ದಿದ್ರೆ ಇದನ್ನ ಬಿಟ್ಟು ಬೆಲೆ ಕಟ್ತಿದ್ದೆ. ಈಗ ಸೇರಿಸಲೇಬೇಕು. ನಿಮ್ಮ ಖರ್ಚಲ್ಲೇ ಹಾಕಿಸಿದ್ದು ಅಂತ ಗೊತ್ತಮ್ಮ. ಏನ್ಮಾಡ್ಲಿ?”

ಬಂದ ಬೆಲೆ ಅವಳ ಕೈಗೆ ಎಟುಕಲಿಲ್ಲ. ಬ್ಯಾಂಕಿನ ಹುಡುಗಿ ಅವಳ ವಯಸ್ಸು ಕೇಳಿ, ಪಾಪ, ಬಹಳ ಮರ್ಯಾದೆಯಿಂದ ಸಾಲ ಇಲ್ಲವೆಂದಳು.

“ಆ ಡ್ರಾಯರ್ ಎಳೆದು ತೋರಿಸು ಅಂತ ಯಾರೇ ಹೇಳಿದ್ದು?” ಲೋರ್ನಾ ಹಣೆ ಚಚ್ಚಿಕೊಂಡಳು. “ನಿನ್ನ ಪಾಲು ಮಾರಿ ಹೊರಡು ಅತ್ಲಾಗೆ.”

“ಅರ್ಧ ಮನೆ ಯಾರು ಕೊಳ್ತಾರೆ? ಕೊಂಡ್ರೂ ಆ ದುಡ್ಡಿಗೆ ಈ ಊರಲ್ಲಿ ಒಂದು ಕೋಣೇನೂ ಸಿಗಲ್ಲ.”



ಅದೇ ವಾರ ಸಿಂಕಿನ ಕೆಳಗೆ ನೀರು ಸೋರತೊಡಗಿತು. ಗ್ಲೆಂಡಾ ಸಂಸ್ಥೆಗೆ ಫೋನು ಮಾಡಿದಳು.

“ರಿಪೇರಿ ನಿಮ್ಮದೇ ಅಮ್ಮ.”

“ಅರ್ಧ ನಿಮ್ಮದಲ್ವಾ?”

“ಪಾಲು ಅರ್ಧ. ರಿಪೇರಿ ಪೂರ್ತಿ ನಿಮ್ಮದು.”

ಫೋನಿಟ್ಟು, ಮಂಡಿಯೂರಿ, ಕೈ ಒಳಗೆ ಚಾಚಿ ನೀರಿನ ತಿರುಪು ಬಿಗಿ ಮಾಡಿದಳು. ಏಳಲು ಹಿಡಿದುಕೊಳ್ಳಲಿಕ್ಕೆ ಏನೂ ಸಿಗದೆ, ಒದ್ದೆ ನೆಲದ ಮೇಲೆ ಹಾಗೆಯೇ ಕುಳಿತಳು.