ಅಳತೆ ಕೊಳವೆಯ ತಳದ ಮೇಣ

ಭಾವ, ನಿಮ್ಮ ಕಣ್ಣು ಕೆಟ್ಟಿರಲಿಲ್ಲ. ನಿಮ್ಮ ಕೋವಿಯ ಮದ್ದಿನ ಅಳತೆಯನ್ನು ಕೆಡಿಸಿದವನು ನಾನು.

ಇಷ್ಟು ಬರೆಯಲು ಐದು ವರ್ಷ ಹಿಡಿಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರವಣಿಗೆ ನಿಧಾನ — ಆದರೆ ತಡವಾದದ್ದು ಅದರಿಂದಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಅಕ್ಕನೂ ಇದನ್ನು ಓದಬೇಕು. ನಳಿಗೆಯ ಬಾಯಿಂದ ಮದ್ದು ತುಂಬುವ ನಿಮ್ಮ ಕೇಪಿನ ಕೋವಿಗೆಂದು ನೀವೇ ಕುಯ್ದುಕೊಂಡ ಬಿದಿರಿನ ಕೊಳವೆಯೊಂದಿತ್ತು, ಹೆಬ್ಬೆರಳಿನಷ್ಟು. ಅದರ ತುಂಬ ಕರಿಮದ್ದು ಎಂದರೆ ಒಂದು ಈಡು. ವೀರನಹೊಸಹಳ್ಳಿಯ ನಿಮ್ಮ ಹೊಲದ ಬದುವಿನಲ್ಲಿ ಹಲಗೆ ನಿಲ್ಲಿಸಿ, ಒಂದು ಬೇಸಿಗೆಯೆಲ್ಲ ಹೊಡೆದು ಹೊಡೆದು ಹೊಂದಿಸಿದ ಅಳತೆ ಅದು. ಮದ್ದು ಕಡಿಮೆಯಾದರೆ ಗುಂಡು ಕೆಳಗಿಳಿಯುತ್ತದೆ, ಹೆಚ್ಚಾದರೆ ಅತ್ತಿತ್ತ ಚೆದುರುತ್ತದೆ. ಕೊಳವೆ ತುಂಬಿ, ಬೆರಳಿನಿಂದ ಮೂರು ಸಲ ತಟ್ಟಿ, ಉಗುರಿನಿಂದ ಅಂಚು ಸವರುತ್ತಿದ್ದಿರಿ. ನಳಿಗೆಗೆ ಸುರಿಯುವಾಗ ನಿಮ್ಮ ಉಸಿರು ನಿಲ್ಲುತ್ತಿತ್ತು, ಮಲಗಿದ ಮಗುವಿಗೆ ಹೊದಿಸುವವರ ಹಾಗೆ. ನನಗೆ ಕೋವಿ ತುಂಬಲು ಕಲಿಸಿದವರೂ ನೀವೇ.

ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಯ ಹತ್ತಿರ, ಕುಯ್ಲು ಮುಗಿದ ಗದ್ದೆಯಲ್ಲಿ ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಾಲ್ಕು ವರ್ಷ ನೀವೇ ಮೊದಲು, ನಾನು ಎರಡನೆಯವನು. ನಾಲ್ಕನೆಯ ಸಲ ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕೇಳುವಂತೆ ಅಂದಿರಿ — "ನಮ್ ಬಾಮೈದ ದುಡಿಯಾಕೆ ಎತ್ತು ಕಣ್ರಯ್ಯ, ಗುರಿಗ್ ಮಾತ್ರ ಕುರುಡ್ ಕೋಳಿ." ಜನ ನಕ್ಕರು. ನಾನೂ ನಕ್ಕೆ. ಕಟ್ಟೆಮಳಲವಾಡಿಯಲ್ಲಿ ನನ್ನ ಹಾಗೆ ಹೊಗೆಸೊಪ್ಪು ಹದ ಮಾಡುವವನು ಇನ್ನೊಬ್ಬನಿಲ್ಲ ಎಂದು ಬೀಗುತ್ತಿದ್ದವನಿಗೆ ಆ ನಗು ಒಳಗೆ ಎಲ್ಲೋ — ಇರಲಿ. ನೀವು ಪ್ರೀತಿಯಿಂದ ಆಡಿದ ಮಾತು ಅದು. ಆಗಲೂ ನನಗೆ ಗೊತ್ತಿತ್ತು.

ಮುಂದಿನ ವರ್ಷ ಪಂಚಾಯ್ತಿ ಚುನಾವಣೆ ಬಂತು. ಅದು ಮುಗಿಯುವ ತನಕ ಇರಲೆಂದು ಎಲ್ಲರ ಕೋವಿಗಳೂ ಠಾಣೆ ಸೇರಿದವು. ಅಳತೆ ಕೊಳವೆಯನ್ನು ಯಾರು ಕೇಳುತ್ತಾರೆ? ನಿಮ್ಮ ಬಾಗಿಲ ಪಕ್ಕದ ಗೂಟದಲ್ಲಿ ಅದೊಂದೇ ತೂಗುತ್ತಿತ್ತು. ಒಂದು ಮಧ್ಯಾಹ್ನ ನಾನು ಬಂದಾಗ ನೀವೂ ಅಕ್ಕನೂ ಹೊಲದಲ್ಲಿದ್ದಿರಿ. ಗುಂಡಿಗೆ ಸುತ್ತುವ ಬಟ್ಟೆಗೆ ಸವರುವ ಜೇನುಮೇಣ ಪಕ್ಕದ ಗೂಡಿನಲ್ಲೇ ಇತ್ತು. ಚಮಚದಲ್ಲಿ ಕರಗಿಸಿ ಕೊಳವೆಯ ತಳಕ್ಕೆ ಬಿಟ್ಟೆ, ಮದ್ದು ಅಷ್ಟು ಕಡಿಮೆ ಹಿಡಿಯಲೆಂದು. ಹಳದಿ ಕಾಣಬಾರದೆಂದು, ಆರುವ ಮೊದಲೇ ಒಲೆಯ ಮಸಿ ಉದುರಿಸಿದೆ. ಆ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದೆ, ಭಾವ.

ಕೋವಿಗಳು ವಾಪಸು ಬಂದಾಗ ಸ್ಪರ್ಧೆಗೆ ಎರಡೇ ದಿನ ಉಳಿದಿತ್ತು. ನೀವು ಹಲಗೆಗೆ ಹೊಡೆದು ನೋಡಲಿಲ್ಲ. ಅಳತೆ ಇದೆಯಲ್ಲ ಎಂಬ ಧೈರ್ಯ.

ಆ ಬೆಳಗಿನ ಮಂಜು ಇನ್ನೂ ನನ್ನ ಕಣ್ಣಲ್ಲಿದೆ. ಹಗ್ಗಕ್ಕೆ ಕಟ್ಟಿದ ಕಾಯಿ ನೀರಿನಲ್ಲಿ ತೇಲಿದಂತೆ ಕಾಣುತ್ತಿತ್ತು. ಮೂರು ಸಲ ತಟ್ಟಿದಿರಿ, ಉಗುರಿನಿಂದ ಸವರಿದಿರಿ. ಸದ್ದಾಯಿತು. ಬಿಳಿ ಹೊಗೆ ಮಂಜಿನೊಳಗೆ ಬೆರೆತು, ಯಾವುದು ಹೊಗೆ ಯಾವುದು ಮಂಜು ಎಂದು ತಿಳಿಯದೆ, ಬಹಳ ಹೊತ್ತು ನಿಂತೇ ಇತ್ತು. ಕರಗಿದಾಗ ಕಾಯಿ ಅಲ್ಲೇ ತೂಗುತ್ತಿತ್ತು. ಒಬ್ಬೊಬ್ಬರಿಗೆ ಮೂರು ಈಡು; ನಿಮ್ಮ ಮೂರೂ ಕೆಳಗೇ ಹೋಗಿ ಗದ್ದೆಯ ಭತ್ತದ ಕೂಳೆಗೆ ಬಿದ್ದವು.

"ಮಾದಪ್ಪಣ್ಣ, ಕಾಯಿ ಒಡೀರಿ ಅಂದ್ರೆ ಕೂಳೆ ಕುಯ್ತಾ ಕುಂತವ್ರಲ್ಲಾ" ಎಂದು ಯಾರೋ ಕೂಗಿದರು. ನೀವೂ ನಕ್ಕಿರಿ. ಆಮೇಲೆ ಕಣ್ಣುಜ್ಜಿಕೊಂಡು, ನನಗೊಬ್ಬನಿಗೇ ಕೇಳುವಂತೆ ಅಂದಿರಿ — "ನನ್ ಕಣ್ಣು ಓಯ್ತು ಕಣ್ಲಾ."

ಮಾತು ನನ್ನ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಆ ದಿನ ನಾನು ಗೆದ್ದ ತಾಮ್ರದ ಹಂಡೆ ನಮ್ಮ ಬಚ್ಚಲಲ್ಲಿದೆ. ಇವತ್ತು ಬೆಳಿಗ್ಗೆಯೂ ಅದರ ನೀರಲ್ಲೇ ಮಿಂದೆ.

ಕಣ್ಣಿಗೆ ಏನೂ ಆಗಿಲ್ಲವೆಂದು ಮೈಸೂರಿನ ಡಾಕ್ಟರು ಹೇಳಿದರೂ ನೀವು ನಂಬಲಿಲ್ಲ. "ಅವರು ಅಕ್ಸರ ತೋರುಸ್ತಾರೆ, ಕಾಯಿ ತೋರುಸ್ತಾರಾ?" ಅಂದಿರಿ. ಕೋವಿಯನ್ನು ಠಾಣೆಗೆ ಒಪ್ಪಿಸಿಬಿಟ್ಟಿರಿ. ಜೋಳದ ಕಾವಲಿಗೆ ಅಟ್ಟಣೆ ಹತ್ತುವುದನ್ನು, ಬೈಕು ಓಡಿಸುವುದನ್ನು ಬಿಟ್ಟಿರಿ. ಅಕ್ಕನ ಕೈ ಹಿಡಿದು ರಸ್ತೆ ದಾಟುವವರಾದಿರಿ. ಕೊಳವೆಯನ್ನು ನನಗೇ ಕೊಟ್ಟಿರಿ. "ನಿನ್ ಕೋವಿಗೆ ಸರಿ ಓಗಾಕಿಲ್ಲ, ಗೊತ್ತು. ಆದ್ರೂ ಮಡಿಕ್ಕೊ. ಇನ್ಯಾರ್ಗ್ ಕೊಡ್ಲಿ?"

ಅದನ್ನು ಇಸಿದುಕೊಂಡೆ. ಇಸಿದುಕೊಂಡೆ, ಭಾವ.

ಆಮೇಲಿಂದ ಒಂದೇ ಕನಸು. ಗದ್ದೆಯ ತುಂಬ ಹೊಗೆ, ನೀವು ಅದರೊಳಗೆ ಕೈ ಚಾಚಿಕೊಂಡು ನಡೆಯುತ್ತಿದ್ದೀರಿ. ಕೂಗಬೇಕೆಂದರೆ ನನ್ನ ಬಾಯಲ್ಲಿ ಮೇಣ. ಹೊಗೆ ಕರಗುವುದೇ ಇಲ್ಲ.

ಮೊನ್ನೆ ನಿಮ್ಮ ಮನೆಗೆ ಬಂದಿದ್ದೆ. ಮೊಮ್ಮಗಳ ಅಂಗಾಲಿನಿಂದ ಕೂದಲೆಳೆಯಷ್ಟು ಸಣ್ಣ ಮುಳ್ಳನ್ನು, ಕನ್ನಡಕವಿಲ್ಲದೆ, ಪಿನ್ನಿನ ತುದಿಯಲ್ಲಿ ಎತ್ತಿದಿರಿ. ಅವಳಿಗೆ ನೋವೂ ಆಗಲಿಲ್ಲ. ಕಣ್ಣು ಎಷ್ಟು ಚುರುಕಾಗಿದೆ ಎಂದಳು ಅಕ್ಕ. ನೀವು ತಲೆಯಾಡಿಸಿದಿರಿ — "ಕಣ್ಣಲ್ಲ ಕಣೇ, ಕೈಗ್ ಸಿಕ್ತು ಅಷ್ಟೇ."

ನಿಮ್ಮ ಕಣ್ಣನ್ನು ನಿಮ್ಮಿಂದ ಕಿತ್ತುಕೊಂಡವನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದ.

ಆ ಮೇಣವನ್ನು ಕೆರೆದು ತೆಗೆಯಲು ಎಷ್ಟೋ ಸಲ ಮೊಳೆ ಹಿಡಿದು ಕೂತಿದ್ದೇನೆ. ತೆಗೆದರೆ ನಾನು ಮಾಡಿದ್ದೂ ಇಲ್ಲದಂತಾಗುತ್ತದೆಂದು ಬಿಟ್ಟೆ. ನಾಳೆ ಬೆಳಿಗ್ಗೆ ಈ ಕಾಗದವನ್ನೂ ಕೊಳವೆಯನ್ನೂ ತಂದು ನಿಮ್ಮ ಕೈಗಿಡುತ್ತೇನೆ. ಕೊಡುವಾಗ ಬಾಯಲ್ಲೇ ಹೇಳುತ್ತೇನೆ — ಕಾಗದ ಆಮೇಲೆ ಓದಿ. ಮೊದಲು ಕೊಳವೆಯೊಳಗೆ ಕಡ್ಡಿಯಿಟ್ಟು ತಳ ಮುಟ್ಟಿ ನೋಡಿ.

ನೀವು ಒಳಗೆ ಕರೆಯದಿದ್ದರೂ ಅಂಗಳದಲ್ಲೇ ನಿಂತಿರುತ್ತೇನೆ, ನಿಮಗೆ ಚೆನ್ನಾಗಿ ಕಾಣುವಷ್ಟು ದೂರದಲ್ಲಿ.