ಎಮ್ಮೆದೊಡ್ಡಿ ಕಾವಲಿನಲ್ಲಿ ಇಳಿದ ವಿಮಾನ

ಎಮ್ಮೆದೊಡ್ಡಿಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಸರ್ಕಾರದ ದನ ಕಾಯುತ್ತಿದ್ದ ಗಂಡ ಹಾವು ಕಚ್ಚಿ ತೀರಿಕೊಂಡ ಮೇಲೆ ಹುಲಿಗೆಮ್ಮ ಅದೇ ಕೆಲಸಕ್ಕೆ ನಿಂತಳು. ಹೊಸಬರನ್ನು ಕಂಡರೆ ಹಾಯಲು ಬರುವ ಹೋರಿಗಳು ಇವಳ ಕೂಗಿಗೆ ಸುಮ್ಮನಾಗುತ್ತಿದ್ದವು.

ಬಿಳಿಯ ದೊರೆಯೊಬ್ಬ ಬೆಂಗಳೂರಿನಿಂದ ಪುಣೆಗೆ ತನ್ನದೇ ಪುಟ್ಟ ವಿಮಾನದಲ್ಲಿ ಓಡಾಡತೊಡಗಿದ ಕಾಲ. ದಾರಿಯಲ್ಲಿ ತೊಂದರೆಯಾದರೆ ಇಳಿಯಲೆಂದು ಕಾವಲಿನ ಒಂದು ಬಯಲನ್ನು ಗೊತ್ತು ಮಾಡಿದರು. ವಿಮಾನ ಬರುವ ದಿನ ದನಗಳನ್ನು ಆಚೆ ಹೊಡೆದು, ಗಾಳಿಯ ದಿಕ್ಕು ಮೇಲಿನವರಿಗೆ ಕಾಣುವಂತೆ ಹಸಿಸೊಪ್ಪಿನ ಹೊಗೆ ಹಾಕುವುದು ಹುಲಿಗೆಮ್ಮನ ಪಾಲಿಗೆ ಬಂತು.

"ಬೆಂಗಳೂರಿಂದ ಇಲ್ಲಿಗೆ ಒಂದೂಕಾಲು ಗಂಟೆ," ಎಂದರು ತಾಲ್ಲೂಕಿನ ಅಮಲ್ದಾರರು.

ದನಗಳ ಹಿಂದೆ ವಾರಗಟ್ಟಲೆ ನಡೆದು ಬೆಂಗಳೂರು ಕಂಡಿದ್ದ ಹುಲಿಗೆಮ್ಮ ಅದನ್ನು ನಂಬಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ವಿಮಾನ ನಿಜವಾಗಿಯೂ ಇಳಿಯಿತು. ಬೆಟ್ಟದ ಸಾಲನ್ನು ಮೋಡ ಆಗಲೇ ನುಂಗಿತ್ತು. ದೊರೆ ಎಂಜಿನ್ನಿನ ಮುಚ್ಚಳ ತೆಗೆದು ಬಗ್ಗಿ ನಿಂತ. ಅವನ ಜೊತೆ ಬಂದಿದ್ದ ದುಭಾಷಿ, ಅಜ್ಜಂಪುರದ ಶಿವಮೂರ್ತಪ್ಪ, ಹುಲಿಗೆಮ್ಮ ಕೊಟ್ಟ ಮಜ್ಜಿಗೆ ಕುಡಿದ.

"ಇವತ್ತು ಇಲ್ಲೇ ಉಳ್ಕೊಳ್ರಪ್ಪಾ. ದನಾನೂ ಮೇಯ್ತಾ ಇಲ್ಲ. ಮಳೆ ಜೋರಾಗೇ ಬತ್ತದೆ," ಎಂದಳು.

ಅವನು ದೊರೆಗೆ ಹೇಳಿದ. ದೊರೆ ಕೈಗಡಿಯಾರ ನೋಡಿ ನಕ್ಕ.

"ಇಲ್ಲಿಂದ ಪುಣೆಗೆ ಬರೀ ಮೂರೂವರೆ ಗಂಟೆಯಂತಮ್ಮ. ರೈಲು ಹಳಿ ನೋಡ್ಕೊಂಡೇ ಹೋಗ್ತೀವಿ. ಅಜ್ಜಂಪುರದ ಮೇಲೆ ಹಾದು ಹೋಗ್ತೀನಿ, ಅಂಗಳದಲ್ಲಿ ನಿಂತಿರು ಅಂತ ಅವ್ವಂಗೆ ಹೇಳಿ ಕಳ್ಸಿದೀನಿ," ಎಂದ ಶಿವಮೂರ್ತಪ್ಪ. ಮಾತು ಮಾತ್ರ ಧೈರ್ಯದ್ದು. ಲೋಟ ಹಿಂದಕ್ಕೆ ಕೊಡುತ್ತಾ ಬೆಟ್ಟದ ಕಡೆಯ ಮೋಡವನ್ನು ಮತ್ತೆ ಮತ್ತೆ ನೋಡಿದ.

"ನೀನಾದ್ರೂ ಉಳ್ಕೊ. ಬೀರೂರಿಂದ ರೈಲಿಗೆ ಹೋಗುವಂತೆ."

ಅವನು ಒಂದು ಗಳಿಗೆ ನಿಂತ. ದೊರೆ ಎಂಜಿನ್ನಿನ ಮುಚ್ಚಳ ಹಾಕಿ ಕೂಗಿದ. ಅವನು ಓಡಿ ಹತ್ತಿಕೊಂಡ.

ವಿಮಾನ ಬಡಗಲಿಗೆ ತಿರುಗಿ ಮೋಡದೊಳಕ್ಕೆ ಹೋಯಿತು. ಸದ್ದು ಬೀರೂರಿನ ಕಡೆ ಸಾಗಿದಂತೆ ಕೇಳಿ ಆಮೇಲೆ ಕೇಳದಾಯಿತು. ಹಿಂದೆಯೇ ಮಳೆ ಬಂತು.

ಮಾರನೆಯ ದಿನ ಅಮಲ್ದಾರರು ಕಾವಲಿಗೆ ಬಂದರು. ವಿಮಾನ ಪುಣೆ ಮುಟ್ಟಿಲ್ಲವೆಂದು ತಂತಿ ಬಂದಿತ್ತು. ಹುಲಿಗೆಮ್ಮ ಕಂಡಷ್ಟು ಹೇಳಿದಳು. ಹಳಿಯ ಇಕ್ಕೆಲದಲ್ಲೂ ಹುಡುಕಿದರು. ಏನೂ ಸಿಗಲಿಲ್ಲ.

ವಾರದ ಮೇಲೆ ಒಬ್ಬ ಮುದುಕಿ ಕೆಸರು ತುಳಿಯುತ್ತಾ ಕಾವಲಿಗೆ ಬಂದಳು. ಶಿವಮೂರ್ತಪ್ಪನ ತಾಯಿ ಹಾಲಮ್ಮ.

"ಅಂಗಳದಲ್ಲೇ ನಿಂತಿದ್ದೆ ಕಣಮ್ಮ. ಸದ್ದು ಬಂತು. ಕಾಣಿಸ್ಲಿಲ್ಲ. ನಮ್ಮನೆ ಮೇಲೇ ಸುತ್ತಿ ಸುತ್ತಿ ಕಾಡಿನ ಕಡೆ ಹೋಯ್ತು. ನಮ್ಮ ಮನೆ ಹುಡುಕ್ತಿದ್ನೇನೋ."

ಹುಲಿಗೆಮ್ಮ ಅವಳನ್ನು ಬಯಲಿಗೆ ಕರೆದುಕೊಂಡು ಹೋದಳು. ಅವನು ನಿಂತಿದ್ದ ಜಾಗ ತೋರಿಸಿದಳು.

ಮಳೆಗಾಲ ಕಳೆದ ಮೇಲೆ ಬಿದಿರು ಕಡಿಯುವವರಿಗೆ ಹಳಿಯಿಂದ ಬಲು ದೂರ, ಲಕ್ಕವಳ್ಳಿಯ ಕಾಡಿನಲ್ಲಿ ವಿಮಾನದ ಮುರಿದ ರೆಕ್ಕೆಯೊಂದು ಸಿಕ್ಕಿತು. ಮನುಷ್ಯರ ಗುರುತು ಸಿಗಲಿಲ್ಲ.

ಹುಲಿಗೆಮ್ಮ ಕೇಳಿಕೊಂಡು ಅಜ್ಜಂಪುರದ ಸರ್ಕಾರಿ ದನದ ಕೊಟ್ಟಿಗೆಗೆ ಕೆಲಸ ಬದಲಾಯಿಸಿಕೊಂಡಳು. ಹಾಲಮ್ಮನ ಮನೆಯಲ್ಲೇ ಉಳಿದಳು. ಮೋಡ ಕವಿದ ದಿನ ಗುಡುಗು ಕೇಳಿದರೆ ಸಾಕು, ಮುದುಕಿ ಅಂಗಳಕ್ಕೆ ಹೋಗಿ ಕತ್ತೆತ್ತಿ ನಿಲ್ಲುವಳು. ಹುಲಿಗೆಮ್ಮ ಬೇಡವೆನ್ನುತ್ತಿರಲಿಲ್ಲ. ತಾನೂ ಪಕ್ಕದಲ್ಲಿ ನಿಂತು, ಮಳೆ ಹನಿಯತೊಡಗಿದ ಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಬರುತ್ತಿದ್ದಳು.