ಗೆರೆಗಳ ಹಿಂದಿನ ಮುಖ

ಸುಮಾ, ನೀನು ಅಮ್ಮನೆಂದು ನೋಡುತ್ತಿರುವ ವಿಡಿಯೋದಲ್ಲಿರುವವಳು ನಿನ್ನ ಅಮ್ಮ ಅಲ್ಲ. ಅವಳು ಯಾರೆಂದು ನನಗೂ ಸರಿಯಾಗಿ ಗೊತ್ತಿಲ್ಲ — ಪಾಂಡವಪುರದ ಕಡೆಯ ಯಾವುದೋ ಮದುವಣಗಿತ್ತಿ.

ಕೆಲವು ವರ್ಷಗಳ ಹಿಂದೆ ಬೂಕನಕೆರೆಯಿಂದ ಅಜ್ಜಿಯ ಜೊತೆ ಕೆ.ಆರ್. ಪೇಟೆಯ ನನ್ನ ಸ್ಟುಡಿಯೋಗೆ ನೀನು ಬಂದಾಗ ಕೈಯಲ್ಲಿದ್ದದ್ದು ಅಪ್ಪ–ಅಮ್ಮನ ಮದುವೆಯ ಕ್ಯಾಸೆಟ್ಟು. ಅಪ್ಪ ಆಗಲೇ ತೀರಿಕೊಂಡಿದ್ದ. ಅಮ್ಮ ನಿನ್ನನ್ನು ಹೆತ್ತ ಕೆಲವೇ ದಿನಕ್ಕೆ ತೀರಿಹೋಗಿದ್ದಳು. ಮನೆಯಲ್ಲಿ ಉಳಿದದ್ದು ಒಂದು ಮಸುಕು ಫೋಟೋ; ಅದನ್ನೂ ನೀನು ತಂದಿದ್ದೆ, ನಾನೊಂದು ಪ್ರತಿ ತೆಗೆದಿಟ್ಟುಕೊಂಡೆ. "ಅವ್ವ ನಡ್ಯೋದ್ನ ನಾನು ಒಂದ್ಸಲನೂ ನೋಡಿಲ್ಲ ಕಣಣ್ಣ" ಅಂದಿದ್ದೆ ನೀನು.

ಬೂಷ್ಟು ಹಿಡಿದ ಟೇಪನ್ನು ಒರೆಸದೆ ಓಡಿಸಬಾರದು — ಗೊತ್ತಿತ್ತು. ಮದುವೆ ಸೀಸನ್ನಿನ ಅವಸರ, ಹಾಗೇ ಮೆಷಿನ್ನಿಗೆ ಹಾಕಿದೆ. ಸಿಕ್ಕಿಕೊಂಡು ಚೂರುಚೂರಾಯಿತು.

ಹೇಳಬಹುದಿತ್ತು. ಆದರೆ ಹಳೇ ಕ್ಯಾಸೆಟ್ಟಿಗೆ ನನ್ನ ಕೈಯೇ ಆಗಬೇಕು ಎಂಬ ಹೆಸರಿತ್ತಲ್ಲ — ಅದರ ಕೊಬ್ಬು. ಬೇರೊಂದು ಮದುವೆಯ ತುಣುಕು ತೆಗೆದೆ. ಫೋಟೋದಲ್ಲಿದ್ದ ನಿನ್ನ ಅಮ್ಮನದೇ ಮೈಕಟ್ಟು, ಆದರೆ ಮುಖ ಬೇರೆಯೆಂದು ಸ್ಪಷ್ಟವಾಗಿತ್ತು. ಹಳೇ ಡಬ್ಬಾ ಟಿವಿಯಂತೆ ಕಾಣಿಸುವ ಎಫೆಕ್ಟು ಕಂಪ್ಯೂಟರಿನಲ್ಲಿದೆ: ಅಡ್ಡಡ್ಡ ಕಪ್ಪು ಗೆರೆ, ನಡುವೆ ಕೆಂಪು, ಹಸಿರು, ನೀಲಿ ಚುಕ್ಕಿ. ಬೇರೆಯವರು ಚಂದಕ್ಕೆ ಹಾಕುತ್ತಾರೆ. ನಾನು ಗುರುತು ಸಿಗದಷ್ಟು ಗೆರೆಗಳನ್ನು ದಪ್ಪ ಮಾಡುತ್ತಾ ಹೋದೆ...

ಪೊರೆ ಬಂದ ಕಣ್ಣಿನ ಅಜ್ಜಿ ಪರದೆ ಸವರಿ, "ನನ್ ಮಗಳೇ ಕಣವ್ವ, ಅಂಗೇ ನಗ್ತಾವ್ಳೆ" ಅಂದರು. ನೀನು ಅತ್ತುಬಿಟ್ಟೆ. ನಾನು ಟೀ ತರಿಸಿದೆ — ನಾಚಿಕೆಗೆಟ್ಟವನು.

ಮೊನ್ನೆ ನಿನ್ನ ಮಗಳನ್ನು ಎತ್ತಿಕೊಂಡು ಬಂದೆಯಲ್ಲ, ಅವಳು ಕತ್ತು ಓರೆ ಮಾಡಿ ನಕ್ಕಳು. "ನೋಡಣ್ಣ, ನಮ್ಮವ್ವನ ನಗೂನೇ ಬಂದ್ಬುಟ್ಟದೆ!" ಎಂದೆ ನೀನು. ಆಮೇಲೆ ನೀನು ಆ ವಿಡಿಯೋ ಇದ್ದ ಪೆನ್‌ಡ್ರೈವು ಮುಂದಿಟ್ಟೆ: "ಈಗ ಕಂಪ್ಯೂಟರ್ನಲ್ಲಿ ಎಲ್ಲಾ ಆಯ್ತದಂತೆ. ಈ ಗೆರೆ ತೆಗ್ದುಕೊಡಣ್ಣ. ಅವ್ವನ ಮುಖ ನೆಟ್ಟಗೆ ನೋಡ್ಬೇಕು."

ನಾಳಿದ್ದು ಬಾ ಅಂದೆ ನಾನು. ನಿನ್ನೆ ಕುಳಿತು — ಇದನ್ನೂ ಹೇಳಿಬಿಡುತ್ತೇನೆ — ಫೋಟೋದ ಮುಖವನ್ನು ಆ ಹೆಂಗಸಿನ ಮೈಗೆ ಕೂರಿಸಲು ನೋಡಿದೆ. ಅರ್ಧ ಮುಗಿದಿತ್ತು. ಪರದೆಯ ಮೇಲೆ ನಿನ್ನ ಅಮ್ಮನ ಬಾಯಿ ಯಾರದೋ ನಗು ನಗುತ್ತಿತ್ತು. ಹೆದರಿ ಅಳಿಸಿದೆ.

ಇದನ್ನು ಓದಿದ ಮೇಲೆ ಬರುತ್ತೀಯೋ ಇಲ್ಲವೋ. ಬಂದರೆ, ಗೆರೆಯಿಲ್ಲದ ಆ ಅಪರಿಚಿತ ಮುಖ ತೋರಿಸುತ್ತೇನೆ. ಪಕ್ಕದಲ್ಲೇ ಟೇಪಿನ ಚೂರುಗಳನ್ನೂ ಇಟ್ಟಿರುತ್ತೇನೆ. ಎಸೆಯಲು ಕೈ ಬಂದಿರಲಿಲ್ಲ. ನಿನ್ನ ಅಮ್ಮ ನಡೆದದ್ದು ಅದರಲ್ಲಿತ್ತು, ಸುಮಾ. ಹರಿದವನು ನಾನು.